ಪ್ಲಗ್ ಬಿಚ್ಚಿ ಎಂಜಿನ್ ಓದುವುದು: ಹಳೇ ಕಾರಿನ ಟ್ಯೂನಿಂಗ್ ದೋಷ ಹುಡುಕುವ ಬಗೆ

ಹಳೇ ಕಾರ್ಬುರೇಟರ್ ಕಾರು ಸರಿಯಾಗಿ ಓಡುತ್ತಿಲ್ಲ ಎಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಗಾಳಿಗೆ ಪೆಟ್ರೋಲ್ ಬೆರೆಯುವ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಕಡೆಗೆ. ಕಾಲು ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ. ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ. ರಸ್ತೆಗೆ ಇಳಿದರೆ ಮತ್ತೆ ಅದೇ ಪಾಡು. ಪಿಕಪ್ ಇಲ್ಲ, ಮಿಸ್ಸಿಂಗ್ ಹೋಗಿಲ್ಲ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಅಷ್ಟು ಹೊತ್ತಿಗೆ ಸ್ಕ್ರೂ ಮೊದಲು ಎಲ್ಲಿತ್ತು ಅನ್ನುವುದೂ ಮರೆತುಹೋಗಿರುತ್ತದೆ.

ಸ್ಕ್ರೂಡ್ರೈವರ್ ಕೆಳಗಿಡಿ. ಪ್ಲಗ್ ಸ್ಪ್ಯಾನರ್ ಎತ್ತಿಕೊಳ್ಳಿ. ಉರಿಯುವ ಬೆಂಕಿಯ ಒಳಗೇ ಕೂತಿದ್ದು, ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸದೆ ಹೊರಗೆ ತೆಗೆದು ನೋಡಬಹುದಾದ ಭಾಗ ಸ್ಪಾರ್ಕ್ ಪ್ಲಗ್ ಒಂದೇ. ಅದರ ಬಣ್ಣ, ಮಸಿ, ಸವೆತ ಎಲ್ಲವೂ ಆ ಸಿಲಿಂಡರಿನಲ್ಲಿ ಏನಾಗುತ್ತಿದೆ ಎಂದು ಹೇಳುತ್ತವೆ. ಆದರೆ ಓದುವ ಕ್ರಮ ತಿಳಿದಿರಬೇಕು. ಒಂದು ಪ್ಲಗ್ ಬಿಚ್ಚಿ, ಕಪ್ಪಗಿದೆ ಎಂದು ನೋಡಿ, ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಎಂದು ತೀರ್ಮಾನಿಸಿದರೆ ಎಷ್ಟೋ ಸಲ ದಾರಿ ತಪ್ಪುತ್ತೇವೆ. ಎಲ್ಲ ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ಮೊದಲು ಒಂದಕ್ಕೊಂದು ಹೋಲಿಸಬೇಕು. ಬಣ್ಣದ ಅರ್ಥ ಹುಡುಕುವುದು ಆಮೇಲೆ. ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ.

ಪ್ಲಗ್ ಬಿಸಿಯ ಲೆಕ್ಕ

ಪ್ಲಗ್‌ನ ಒಳತುದಿಯಲ್ಲಿ ನಡುವಿನ ಎಲೆಕ್ಟ್ರೋಡ್ ಸುತ್ತ ಬಿಳಿ ಪಿಂಗಾಣಿ ಇರುತ್ತದೆ. ನಾವು ಓದುವುದು ಮುಖ್ಯವಾಗಿ ಈ ಪಿಂಗಾಣಿಯ ಮೂತಿಯನ್ನು. ಅದು ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಉಳಿದುಕೊಳ್ಳುತ್ತದೆ. 850 ಡಿಗ್ರಿ ಆಸುಪಾಸಿಗೆ ಏರಿದರೆ ಸ್ಪಾರ್ಕ್ ಬರುವ ಮೊದಲೇ ಪ್ಲಗ್‌ನ ಕೆಂಡದಂತಹ ತುದಿಯೇ ಮಿಶ್ರಣಕ್ಕೆ ಬೆಂಕಿ ಹಚ್ಚಬಹುದು. ಒಳ್ಳೆಯ ಪ್ಲಗ್ ಈ ಎರಡರ ನಡುವೆ ಇರಬೇಕು.

ಇದಕ್ಕೇ ಪ್ಲಗ್‌ಗಳಲ್ಲಿ ಹೀಟ್ ರೇಂಜ್ ಇರುವುದು. ಪಿಂಗಾಣಿ ಮೂತಿ ಉದ್ದವಾಗಿದ್ದರೆ ಬಿಸಿ ಹೆಡ್‌ಗೆ ಇಳಿಯಲು ದೂರ ಜಾಸ್ತಿ, ಪ್ಲಗ್ ಬಿಸಿಯಾಗಿ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂತಿ ಗಿಡ್ಡವಾಗಿದ್ದರೆ ಕೋಲ್ಡ್ ಪ್ಲಗ್. ನಂಬರ್ ಓದುವಾಗ ಎಚ್ಚರ ಬೇಕು. ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೋಲ್ಡ್. ಬಾಷ್, ಚಾಂಪಿಯನ್ ಕಂಪನಿಗಳಲ್ಲಿ ಉಲ್ಟಾ, ಸಂಖ್ಯೆ ದೊಡ್ಡದಾದಷ್ಟೂ ಹಾಟ್. ಎಷ್ಟೋ ಹಳೇ ಕಾರುಗಳಲ್ಲಿ ಕಾಣುವ ಎನ್‌ಜಿಕೆಯ ಬಿಪಿ6ಇಎಸ್ ತೆಗೆದುಕೊಳ್ಳಿ. ಬಿ ಎಂದರೆ 14 ಮಿ.ಮೀ. ಥ್ರೆಡ್, ಪಿ ಎಂದರೆ ಮೂತಿ ಹೊರಚಾಚಿದ ಮಾದರಿ, 6 ಹೀಟ್ ರೇಂಜ್, ಇ ಎಂದರೆ 19 ಮಿ.ಮೀ. ಉದ್ದದ ಥ್ರೆಡ್. ಇದೇ ಜಾಗದಲ್ಲಿ ಎಚ್ ಇದ್ದರೆ ಥ್ರೆಡ್ ಉದ್ದ 12.7 ಮಿ.ಮೀ. ಒಂದು ಅಕ್ಷರ ತಪ್ಪಿದರೂ ತೊಂದರೆ. ಉದ್ದ ಥ್ರೆಡ್ ಬೇಕಾದ ಕಡೆ ಗಿಡ್ಡದು ಹಾಕಿದರೆ ಸ್ಪಾರ್ಕ್ ಗುಂಡಿಯೊಳಗೆ ಅಡಗಿ, ಹೆಡ್‌ನ ಥ್ರೆಡ್‌ನಲ್ಲಿ ಕರಿ ಕಟ್ಟುತ್ತದೆ. ಗಿಡ್ಡ ಬೇಕಾದ ಕಡೆ ಉದ್ದದ್ದು ಹಾಕಿದರೆ ಪಿಸ್ಟನ್ ಅಥವಾ ವಾಲ್ವ್ ಬಂದು ಬಡಿಯಬಹುದು.

ಆದ್ದರಿಂದ ಓದುವ ಮೊದಲ ಹೆಜ್ಜೆ ಪಿಂಗಾಣಿಯ ಮೇಲೆ ಅಚ್ಚಾದ ನಂಬರ್ ಓದುವುದು. ಕೈಬದಲಾಗಿ ಬಂದ ಹಳೇ ಕಾರುಗಳಲ್ಲಿ ನಾಲ್ಕು ಪ್ಲಗ್ ನಾಲ್ಕು ಬಗೆ ಇರುವುದೂ ಉಂಟು. ಹಾಗಿದ್ದಾಗ ಬಣ್ಣ ನೋಡಿ ಏನೂ ಹೇಳಲು ಬರುವುದಿಲ್ಲ. ಕಾರಿನ ಮ್ಯಾನ್ಯುಯಲ್ ಹೇಳಿದ ಒಂದೇ ಬಗೆಯ ಹೊಸ ಸೆಟ್ ಹಾಕಿ, ಓಡಿಸಿ, ಆಮೇಲೆ ನೋಡಿ.

ಬಿಚ್ಚುವಾಗ

ಅಲ್ಯುಮಿನಿಯಂ ಹೆಡ್ ಇದ್ದರೆ ಎಂಜಿನ್ ತಣ್ಣಗಾಗಲಿ. ಬಿಸಿಯಲ್ಲಿ ಬಿಚ್ಚಿದರೆ ಹೆಡ್‌ನ ಥ್ರೆಡ್ ಕಿತ್ತು ಬರುವ ಅಪಾಯವಿದೆ. ಪ್ಲಗ್ ಸುತ್ತ ಇರುವ ಧೂಳು, ಮರಳನ್ನು ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ಬಿಚ್ಚಿದ ಕೂಡಲೇ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ವೈರ್ ಹಿಡಿದು ಎಳೆಯಬೇಡಿ, ಕ್ಯಾಪ್ ಹಿಡಿದು ಬಿಡಿಸಿ. ಬಿಚ್ಚುವಾಗ ಪ್ಲಗ್ ಎಷ್ಟು ಬಿಗಿಯಾಗಿತ್ತು ಗಮನಿಸಿ. ಸಡಿಲವಾಗಿದ್ದ ಪ್ಲಗ್ ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸಲಾರದು. ಹಾಗಾಗಿ ಮಿಕ್ಸ್ಚರ್ ಸರಿ ಇದ್ದರೂ ಬೆಳ್ಳಗೆ ಸುಟ್ಟು ಕಾಣುತ್ತದೆ.

ರಟ್ಟಿನ ತುಂಡಿನಲ್ಲಿ ತೂತು ಮಾಡಿ 1, 2, 3, 4 ಎಂದು ಬರೆದು, ಯಾವ ಸಿಲಿಂಡರಿನದು ಯಾವುದೋ ಆ ತೂತಿಗೆ ಸಿಕ್ಕಿಸಿ. ಪ್ಲಗ್‌ಗಳು ಅದಲುಬದಲಾದರೆ ಓದಿಗೆ ಅರ್ಥವೇ ಇಲ್ಲ. ಪೂರ್ತಿ ನೋಡಿ ಮುಗಿಯುವವರೆಗೂ ಒರೆಸಬೇಡಿ, ಉಜ್ಜಬೇಡಿ. ಸಾಧ್ಯವಾದರೆ ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಹಳದಿ ಬಲ್ಬಿನ ಕೆಳಗೆ ಬೂದು ಬಣ್ಣವೂ ಕಂದಾಗಿ ಕಾಣುತ್ತದೆ.

ಯಾವ ಓಟದ ಗುರುತು?

ಪ್ಲಗ್ ಮೇಲಿನ ಬಣ್ಣ ಕೊನೆಗೆ ಓಡಿದ ರೀತಿಯನ್ನು ತೋರಿಸುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿ, ಮನೆ ಮುಂದೆ ಹತ್ತು ನಿಮಿಷ ಐಡಲ್ ಬಿಟ್ಟು ನಿಲ್ಲಿಸಿದರೆ ನೀವು ನೋಡುವುದು ಹೆಚ್ಚಾಗಿ ಐಡಲ್‌ನ ಮಸಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಶೆಡ್‌ನಿಂದ ಹೊರಗೆ ತಂದು ಆಫ್ ಮಾಡಿದ ಕಾರಿನ ಪ್ಲಗ್ ಕಪ್ಪಗೇ ಇರುತ್ತದೆ. ಅದು ದೋಷ ಅಲ್ಲವೇ ಅಲ್ಲ.

ಹೆಚ್ಚಿನ ಕಾರ್ಬುರೇಟರುಗಳಲ್ಲಿ ಐಡಲ್‌ಗೆ ಒಂದು ದಾರಿ, ಕ್ರೂಸಿಂಗ್ ವೇಗಕ್ಕೆ ಒಂದು ದಾರಿ, ಫುಲ್ ಥ್ರಾಟಲ್‌ಗೆ ಇನ್ನೊಂದು. ಐಡಲ್ ಸ್ಕ್ರೂ ತಿರುಗಿಸಿದರೆ ಮೇನ್ ಜೆಟ್ (ಓಟದ ವೇಗದಲ್ಲಿ ಪೆಟ್ರೋಲ್ ಬಿಡುವ ತೂತು) ದೋಷ ಹೋಗುವುದಿಲ್ಲ. ಹಾಗಾಗಿ ಯಾವ ಸ್ಥಿತಿಯಲ್ಲಿ ತೊಂದರೆ ಇದೆಯೋ ಅದೇ ಸ್ಥಿತಿಯಲ್ಲಿ ಓಡಿಸಿ, ಅಲ್ಲಿಯೇ ಎಂಜಿನ್ ನಿಲ್ಲಿಸಿ ಪ್ಲಗ್ ತೆಗೆಯಬೇಕು. ಇದಕ್ಕೆ ಪ್ಲಗ್ ಚಾಪ್ ಎನ್ನುತ್ತಾರೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ನೇರ ಜಾಗದಲ್ಲಿ, ಒಂದೇ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ. ಕ್ಲಚ್ ತುಳಿದು, ಅದೇ ಕ್ಷಣಕ್ಕೆ ಇಗ್ನಿಷನ್ ಆಫ್ ಮಾಡಿ, ಉರುಳಿಕೊಂಡು ಬಂದು ನಿಲ್ಲಿಸಿ. ಐಡಲ್‌ಗೆ ಬರಲು ಬಿಡಬಾರದು.

ಇದರಲ್ಲಿ ಅಪಾಯ ಇದೆ, ಸುಮ್ನೆ ಹೇಳುತ್ತಿಲ್ಲ. ಸ್ಟೀರಿಂಗ್ ಲಾಕ್ ಇರುವ ಕಾರಿನಲ್ಲಿ ಕೀಲಿಯನ್ನು ಲಾಕ್ ಜಾಗದವರೆಗೆ ತಿರುಗಿಸಲೇ ಕೂಡದು, ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ಬ್ರೇಕ್ ಸರ್ವೋ (ಎಂಜಿನ್‌ನ ಹೀರುವಿಕೆಯಿಂದ ಪೆಡಲ್‌ಗೆ ನೆರವಾಗುವ ಭಾಗ) ಇದ್ದರೆ ಎಂಜಿನ್ ನಿಂತ ಮೇಲೆ ಅದರ ನೆರವು ಒಂದೆರಡು ತುಳಿತಕ್ಕೆ ಮುಗಿದುಹೋಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೇರೆ ವಾಹನ ಓಡಾಡುವ ರಸ್ತೆಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಬಿಸಿ ಪ್ಲಗ್ ಬಿಚ್ಚಬೇಕಾಗುವುದರಿಂದ ದಪ್ಪ ಕೈಗವಸು ಇರಲಿ. ಅಲ್ಯುಮಿನಿಯಂ ಹೆಡ್ ಇದ್ದರೆ ಅಲ್ಲೇ ನಿಂತು ತಣ್ಣಗಾಗುವವರೆಗೆ ಕಾಯಿರಿ. ಮತ್ತೆ ಸ್ಟಾರ್ಟ್ ಮಾಡದಿದ್ದರೆ ಗುರುತು ಎಲ್ಲಿಗೂ ಹೋಗುವುದಿಲ್ಲ.

ಸಾಲಾಗಿ ಇಟ್ಟು ನೋಡಿ

ಈಗ ಪ್ಲಗ್‌ಗಳು ರಟ್ಟಿನಲ್ಲಿವೆ. ಬಣ್ಣ ಯಾವುದು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಎಲ್ಲವೂ ಒಂದೇ ಥರ ಇವೆಯಾ?

ಎಲ್ಲವೂ ಒಂದೇ ಥರ ಕಪ್ಪಗಿದ್ದರೆ ಅಥವಾ ಒಂದೇ ಥರ ಬಿಳುಪಾಗಿದ್ದರೆ ಕಾರಣ ಎಲ್ಲ ಸಿಲಿಂಡರಿಗೂ ಹೋಗುವ ದಾರಿಯಲ್ಲಿದೆ. ಒಂದೇ ಕಾರ್ಬುರೇಟರ್ ಇದ್ದರೆ ಅದರ ಮಿಕ್ಸ್ಚರ್, ಫ್ಲೋಟ್ (ಒಳಗಿನ ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು) ಮಟ್ಟ, ಏರ್ ಫಿಲ್ಟರ್, ಚೋಕ್. ಅಥವಾ ಟೈಮಿಂಗ್ (ಸ್ಪಾರ್ಕ್ ಹಾರುವ ಕ್ಷಣ), ಕಾಯಿಲ್ (ಸ್ಪಾರ್ಕ್‌ಗೆ ಹೈ ವೋಲ್ಟೇಜ್ ಕೊಡುವ ಸುರುಳಿ), ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಸ್ಪಾರ್ಕ್ ಹಾರಿಸುವ ಸ್ವಿಚ್). ಇಲ್ಲವೇ ಪ್ಲಗ್‌ನ ಹೀಟ್ ರೇಂಜ್.

ಒಂದು ಮಾತ್ರ ಬೇರೆ ಇದ್ದರೆ ಕಾರಣ ಆ ಸಿಲಿಂಡರಿನಲ್ಲೇ ಇದೆ. ಆಗ ಕಾರ್ಬುರೇಟರ್ ಮುಟ್ಟಬೇಡಿ. ಒಂದು ಕಾರ್ಬುರೇಟರ್ ನಾಲ್ಕು ಸಿಲಿಂಡರಿಗೆ ಪೆಟ್ರೋಲ್ ಕೊಡುವಾಗ ಮೂರಕ್ಕೆ ಸರಿ, ಒಂದಕ್ಕೆ ಮಾತ್ರ ತೀರಾ ತಪ್ಪು ಕೊಡುವುದು ಕಷ್ಟ. ಆ ಒಂದು ಪ್ಲಗ್ ಸರಿಮಾಡಲು ಸ್ಕ್ರೂ ತಿರುಗಿಸಿದರೆ ಚೆನ್ನಾಗಿದ್ದ ಮೂರೂ ಕೆಡುತ್ತವೆ.

ಜೋಡಿಯಾಗಿ ಬೇರೆ ಇದ್ದರೆ ಇನ್ನೂ ಸ್ವಾರಸ್ಯ. ಎರಡು ಕಾರ್ಬುರೇಟರ್ ಇರುವ ನಾಲ್ಕು ಸಿಲಿಂಡರ್ ಕಾರಿನಲ್ಲಿ 1 ಮತ್ತು 2 ಕಪ್ಪು, 3 ಮತ್ತು 4 ಬಿಳುಪು ಎಂದರೆ ಎರಡು ಕಾರ್ಬುರೇಟರ್‌ಗಳ ನಡುವೆ ಹೊಂದಾಣಿಕೆ ತಪ್ಪಿದೆ. ಯಾವುದು ತಪ್ಪು ಎಂದು ಪ್ಲಗ್ಗೇ ಬೆರಳು ತೋರಿಸುತ್ತದೆ. ಪಕ್ಕಪಕ್ಕದ ಎರಡು ಪ್ಲಗ್ ಮಾತ್ರ ವಿಚಿತ್ರವಾಗಿದ್ದು, ಆ ಎರಡರ ಕಂಪ್ರೆಷನ್ (ಸಿಲಿಂಡರಿನಲ್ಲಿ ಏರುವ ಒತ್ತಡ) ಕೂಡ ಕಡಿಮೆ ಇದ್ದರೆ, ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮಿನಿ, ಮಾರಿಸ್ ಮೈನರ್‌ಗಳಲ್ಲಿದ್ದ ಬಿಎಂಸಿ ಎ-ಸೀರೀಸ್ ಎಂಜಿನ್‌ನಲ್ಲಿ ಎರಡೆರಡು ಸಿಲಿಂಡರಿಗೆ ಒಂದೇ ಇನ್‌ಲೆಟ್ ದಾರಿ ಇದೆ. ಹಾಗಾಗಿ ಒಳಗಿನ ಎರಡು ಮತ್ತು ಹೊರಗಿನ ಎರಡು ಪ್ಲಗ್‌ಗಳ ನಡುವೆ ಸಣ್ಣ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಅದು ಎಂಜಿನ್‌ನ ರಚನೆಯಿಂದಲೇ ಬರುವಂಥದ್ದು.

ಒಂದೇ ಪ್ಲಗ್ ಬೇರೆ ಕಂಡಾಗ ಸುಲಭದ ಉಪಾಯ ಒಂದಿದೆ. ಆ ಪ್ಲಗ್ ಅನ್ನು ಶುಚಿ ಮಾಡಿ ಬೇರೆ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ. ಸ್ವಲ್ಪ ಓಡಿಸಿ ಮತ್ತೆ ನೋಡಿ. ತೊಂದರೆ ಪ್ಲಗ್ ಜೊತೆ ಹೋದರೆ ಪ್ಲಗ್ ಕೆಟ್ಟಿದೆ. ಅದೇ ಸಿಲಿಂಡರಿನಲ್ಲಿ ಉಳಿದರೆ ಪ್ಲಗ್ ವೈರ್ ಬದಲಾಯಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಅನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಭಾಗ) ಕ್ಯಾಪ್, ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮೇಲಿನ ಸಣ್ಣ ಸಂದು), ಕಂಪ್ರೆಷನ್. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ, ಅಲ್ವಾ?

ಒಣ ಕಪ್ಪು ಮಸಿ

ಬೆರಳಿಗೆ ಹತ್ತುವ, ವೆಲ್ವೆಟ್‌ನಂತಹ ಒಣ ಮಸಿ. ಎಲ್ಲರೂ ಇದನ್ನು ರಿಚ್ ಎನ್ನುತ್ತಾರೆ. ರಿಚ್ ಇರಬಹುದು. ಆದರೆ ಈ ಮಸಿ ಹೇಳುವುದು ಪೆಟ್ರೋಲ್ ಪೂರ್ತಿ ಉರಿದಿಲ್ಲ ಅಥವಾ ಪ್ಲಗ್ ಮಸಿ ಸುಡುವಷ್ಟು ಬಿಸಿಯಾಗಿಲ್ಲ ಎನ್ನುವುದನ್ನು. ಉರಿಯದೆ ಇರಲು ಪೆಟ್ರೋಲ್ ಜಾಸ್ತಿ ಆಗಿರಬೇಕು ಎಂದೇನೂ ಇಲ್ಲ. ಸ್ಪಾರ್ಕ್ ಬಡವಾಗಿದ್ದರೂ ಇದೇ ಮಸಿ.

ಅದಕ್ಕೇ ನಾನು ಮೊದಲು ಇಗ್ನಿಷನ್ ನೋಡಿ ಎನ್ನುವುದು. ಪ್ಲಗ್ ಗ್ಯಾಪ್ (ನಡುವಿನ ಎಲೆಕ್ಟ್ರೋಡ್‌ಗೂ ಬಾಗಿದ ಹೊರಗಿನ ಕೊಂಡಿಗೂ ನಡುವಿನ ಸಂದು) ಫೀಲರ್ ಗೇಜ್‌ನಿಂದ ಅಳೆಯಿರಿ. ಪಾಯಿಂಟ್ ಇರುವ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.65 ಮಿ.ಮೀ. ಇರುತ್ತದೆ, ಆದರೂ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಗ್ಯಾಪ್ ಸವೆದು ಅಗಲವಾದರೆ ಕಾಯಿಲ್‌ಗೆ ಹೊರೆ ಜಾಸ್ತಿ, ಲೋಡ್‌ನಲ್ಲಿ ಮಿಸ್ಸಿಂಗ್ ಶುರು. ಆಮೇಲೆ ಪಾಯಿಂಟ್ ನೋಡಿ. ಅದರ ಹಿಮ್ಮಡಿ (ತಿರುಗುವ ಕ್ಯಾಮ್‌ಗೆ ಉಜ್ಜುವ ಭಾಗ) ಸವೆದಂತೆ ಪಾಯಿಂಟ್ ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಪಾಯಿಂಟ್ ಸರಿಮಾಡದೆ ಟೈಮಿಂಗ್ ಕೂರಿಸಿದರೆ ಅದು ನಿಲ್ಲುವುದಿಲ್ಲ. ಪಾಯಿಂಟ್ ಮುಖ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಡ್ಡೆ ಎದ್ದಿದ್ದರೆ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಮೇಲೆ ಅನುಮಾನ ಪಡಿ. ರೋಟರ್, ಕ್ಯಾಪ್ ಒಳಗೆ ಕಪ್ಪು ಕೂದಲೆಳೆಯಂತಹ ಗೆರೆ ಇದ್ದರೆ ಕರೆಂಟ್ ಆ ದಾರಿಯಲ್ಲಿ ಸೋರುತ್ತಿದೆ. ಕತ್ತಲೆಯಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿದರೆ ಹಳೇ ವೈರ್‌ಗಳಿಂದ ನೀಲಿ ಕಿಡಿ ಸೋರುವುದು ಕಣ್ಣಿಗೇ ಕಾಣಬಹುದು.

ಹಳೇ ಕಾರುಗಳಿಗಷ್ಟೇ ಸೇರಿದ ಒಂದು ದೋಷ ಇಲ್ಲಿ ಹೇಳಲೇಬೇಕು. ಎಷ್ಟೋ ಹಳೇ ಬ್ರಿಟಿಷ್ ಕಾರುಗಳು ಮೊದಲು ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿದ್ದು) ಇದ್ದವು, ಆಮೇಲೆ ಯಾರೋ ನೆಗೆಟಿವ್ ಅರ್ತ್‌ಗೆ ಬದಲಾಯಿಸಿರುತ್ತಾರೆ. ಬ್ಯಾಟರಿ ತಿರುಗಿಸುವಾಗ ಕಾಯಿಲ್‌ನ ಎರಡು ಸಣ್ಣ ವೈರ್‌ಗಳನ್ನೂ ಅದಲುಬದಲು ಮಾಡಬೇಕು. ಅದು ಮರೆತರೂ ಕಾರು ಓಡುತ್ತದೆ. ಆದರೆ ಸ್ಪಾರ್ಕ್ ಉಲ್ಟಾ ದಿಕ್ಕಿನಲ್ಲಿ ಹಾರುತ್ತದೆ. ಬಿಸಿಯಾದ ನಡುವಿನ ಎಲೆಕ್ಟ್ರೋಡ್‌ನಿಂದ ಎಲೆಕ್ಟ್ರಾನ್‌ಗಳು ಸುಲಭವಾಗಿ ಹೊರಡುತ್ತವೆ, ತಣ್ಣನೆಯ ಹೊರಗಿನ ಕೊಂಡಿಯಿಂದ ಅಷ್ಟು ಸುಲಭವಲ್ಲ. ಹಾಗಾಗಿ ಉಲ್ಟಾ ಆದಾಗ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಲೋಡ್ ಬಿದ್ದಾಗ, ಗ್ಯಾಪ್ ಸ್ವಲ್ಪ ಸವೆದಾಗ ಮಿಸ್ಸಿಂಗ್ ಬರುತ್ತದೆ. ಇದರ ಗುರುತೂ ಪ್ಲಗ್ ಮೇಲಿದೆ: ಹೊರಗಿನ ಕೊಂಡಿಯ ಒಳಮೈ ಬಟ್ಟಲಿನಂತೆ ಕೊರೆದಿರುತ್ತದೆ. ಸಾಮಾನ್ಯವಾಗಿ ಸವೆಯಬೇಕಾದದ್ದು ನಡುವಿನ ಎಲೆಕ್ಟ್ರೋಡ್. ಮಸಿಯ ಹಿಂದೆ ಹೋದವರು ಈ ಗುಳಿ ನೋಡದೆ ವರ್ಷಗಟ್ಟಲೆ ಕಾರ್ಬುರೇಟರ್ ಜೊತೆ ಗುದ್ದಾಡುತ್ತಾರೆ.

ಇಗ್ನಿಷನ್ ಪೂರ್ತಿ ಸರಿ ಇದೆ ಎಂದಾದ ಮೇಲೆ ಪೆಟ್ರೋಲ್ ಕಡೆ ಬನ್ನಿ. ಅಲ್ಲೂ ಸ್ಕ್ರೂ ಕೊನೆಗೆ. ಚೋಕ್ ಕೇಬಲ್ ಒಳಗೆ ತಳ್ಳಿದಾಗ ಕಾರ್ಬುರೇಟರ್ ತುದಿಯಲ್ಲೂ ಪೂರ್ತಿ ವಾಪಸ್ ಹೋಗಿದೆಯಾ? ಹಳೇ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಎಸ್‌ಯು ಕಾರ್ಬುರೇಟರ್ ಆದರೆ ಜೆಟ್ ಮೇಲಕ್ಕೆ ಪೂರ್ತಿ ಏರಿ ಕೂತಿದೆಯಾ? ಏರ್ ಫಿಲ್ಟರ್ ಕಟ್ಟಿದೆಯಾ? ಫ್ಲೋಟ್ ಒಳಗೆ ಪೆಟ್ರೋಲ್ ಹೋಗಿ ಭಾರವಾಗಿದೆಯಾ? ಪೆಟ್ರೋಲ್ ಒಳಬರುವುದನ್ನು ತಡೆಯುವ ನೀಡಲ್ ವಾಲ್ವ್ ಸವೆದು ಪೆಟ್ರೋಲ್ ಮಟ್ಟ ಮೇಲೇರುತ್ತಿದೆಯಾ? ಹೊಸ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿದ್ದರೆ ಅದರ ಒತ್ತಡ ಜಾಸ್ತಿ ಆಗಿ ನೀಡಲ್ ವಾಲ್ವ್ ಅನ್ನು ತಳ್ಳುತ್ತಿರಬಹುದು. ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಬಿಸಿಯೇ ಆಗದಿದ್ದರೂ ಪ್ಲಗ್ ಕಪ್ಪು. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿಗೂ ಹೀಗೇ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಮಿಕ್ಸ್ಚರ್. ಎಸ್‌ಯುನಲ್ಲಿ ಪರೀಕ್ಷೆ ಸುಲಭ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬುರೇಟರ್ ಒಳಗಿನ ಪಿಸ್ಟನ್ ಎತ್ತುವ ಪಿನ್ ಅನ್ನು ಸುಮಾರು 0.8 ಮಿ.ಮೀ. ಮೇಲಕ್ಕೆ ಒತ್ತಿ. ಎಂಜಿನ್ ವೇಗ ಸ್ವಲ್ಪ ಏರಿ ಮತ್ತೆ ಇಳಿದರೆ ಸರಿ. ಏರಿ ಅಲ್ಲೇ ನಿಂತರೆ ರಿಚ್. ಬಿದ್ದುಹೋಗುವಂತಾದರೆ ಲೀನ್ (ಪೆಟ್ರೋಲ್ ಕಡಿಮೆ). ಐಡಲ್ ಸರಿ ಬಂದರೂ ರಸ್ತೆಯಲ್ಲಿ ಪ್ಲಗ್ ಕಪ್ಪಾಗುತ್ತಿದ್ದರೆ ಜೆಟ್ ಒಳಗೆ ಇಳಿಯುವ ನೀಡಲ್ ಅಥವಾ ಜೆಟ್ ಸವೆದಿದೆ, ಇಲ್ಲವೇ ನೀಡಲ್ ನಂಬರ್ರೇ ಬೇರೆ. ವೆಬರ್ ಥರದ ಕಾರ್ಬುರೇಟರ್ ಆದರೆ ಮೇನ್ ಜೆಟ್ ಮತ್ತು ಏರ್ ಕರೆಕ್ಟರ್ ನಂಬರ್ ಓದಿ ಮ್ಯಾನ್ಯುಯಲ್ ಜೊತೆ ಹೋಲಿಸಿ.

ಬಿಳಿ, ಗುಳ್ಳೆ ಎದ್ದ ಪಿಂಗಾಣಿ

ಕಪ್ಪು ಪ್ಲಗ್ ಪೆಟ್ರೋಲ್ ಹಾಳು ಮಾಡುತ್ತದೆ, ಬಿಳಿ ಪ್ಲಗ್ ಎಂಜಿನ್ನನ್ನೇ ಹಾಳು ಮಾಡಬಲ್ಲದು. ಪಿಂಗಾಣಿ ಸುಣ್ಣದಂತೆ ಬಿಳುಪಾಗಿ, ಮೇಲೆ ಸಣ್ಣ ಗುಳ್ಳೆ ಎದ್ದು, ಎಲೆಕ್ಟ್ರೋಡ್ ತುದಿ ನೀಲಿಗಟ್ಟಿದ್ದರೆ ಕಾರನ್ನು ಜೋರಾಗಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಎಲ್ಲ ಪ್ಲಗ್ ಹೀಗಿದ್ದರೆ ಮಿಕ್ಸ್ಚರ್ ಲೀನ್, ಟೈಮಿಂಗ್ ತೀರಾ ಮುಂದೆ, ಪ್ಲಗ್ ತೀರಾ ಹಾಟ್, ಇಲ್ಲವೇ ಎಂಜಿನ್ ಕೂಲಿಂಗ್ ಸರಿ ಇಲ್ಲ. ಟೈಮಿಂಗ್ ಲೈಟ್ ಹಾಕಿ ನೋಡಿ, ಐಡಲ್‌ನಲ್ಲಿ ಮಾತ್ರ ನೋಡಿ ಬಿಡಬೇಡಿ. ವೇಗ ಏರಿಸುತ್ತಾ ಟೈಮಿಂಗ್ ಗುರುತು ಮುಂದಕ್ಕೆ ಸರಿಯುತ್ತದೆಯೇ, ಮತ್ತೆ ವಾಪಸ್ ಬರುತ್ತದೆಯೇ ನೋಡಿ. ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳ ಸ್ಪ್ರಿಂಗ್ ಸಡಿಲವಾಗಿದ್ದರೆ ಅಡ್ವಾನ್ಸ್ (ವೇಗ ಏರಿದಂತೆ ಸ್ಪಾರ್ಕ್ ಮುಂಚೆ ಹಾರುವುದು) ಬೇಗ ಬಂದುಬಿಡುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬರುವುದೇ ಇಲ್ಲ. ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು: ಕಟ್ಟಿದ ಫಿಲ್ಟರ್, ಟ್ಯಾಂಕಿನ ತುಕ್ಕು, ದುರ್ಬಲ ಪಂಪ್, ಕಸ ಸಿಕ್ಕ ಜೆಟ್. ಐಡಲ್‌ನಲ್ಲಿ ಚೆನ್ನಾಗಿದ್ದು ಏರುದಾರಿಯಲ್ಲಿ ಮಾತ್ರ ಸುಸ್ತಾಗುವ ಕಾರಿನಲ್ಲಿ ಈ ಪಟ್ಟಿಯೇ ಮೊದಲು.

ಒಂದು ಪ್ಲಗ್ ಮಾತ್ರ ಬಿಳಿ, ಅದು ಸಡಿಲವಾಗಿಯೂ ಇರಲಿಲ್ಲ ಎಂದರೆ ಆ ಸಿಲಿಂಡರಿಗೆ ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿರಬಹುದು. ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆ) ಗ್ಯಾಸ್ಕೆಟ್ ಮೊದಲ ಅನುಮಾನ. ಬ್ರೇಕ್ ಸರ್ವೋ ಪೈಪ್ ಮ್ಯಾನಿಫೋಲ್ಡ್‌ನಲ್ಲಿ ಯಾವ ಸಿಲಿಂಡರಿನ ಹತ್ತಿರ ಸೇರಿದೆ ನೋಡಿ. ಆ ಪೈಪನ್ನು ಒಂದು ಕ್ಷಣ ಅದುಮಿ ಹಿಡಿದಾಗ ಐಡಲ್ ಬದಲಾದರೆ ಸೋರಿಕೆ ಸರ್ವೋ ಕಡೆಗಿದೆ. ವ್ಯಾಕ್ಯೂಮ್ ಅಡ್ವಾನ್ಸ್ ಡಯಾಫ್ರಮ್ ಹರಿದಿದ್ದರೂ ಗಾಳಿ ಸೋರುತ್ತದೆ. ಅದರ ಪೈಪ್ ಬಾಯಲ್ಲಿ ಹೀರಿದರೆ ಒಳಗಿನ ಪ್ಲೇಟ್ ಸರಿಯಬೇಕು, ನಾಲಿಗೆ ಅಡ್ಡ ಹಿಡಿದರೆ ಅಲ್ಲೇ ನಿಲ್ಲಬೇಕು. ಕಾರ್ಬುರೇಟರ್‌ನ ಥ್ರಾಟಲ್ ಸ್ಪಿಂಡಲ್ ಸವೆದು ಅಲುಗಾಡುತ್ತಿದ್ದರೆ ಅಲ್ಲಿಂದಲೂ ಗಾಳಿ. ಸೋರಿಕೆ ಹುಡುಕಲು ಬಿಸಿ ಎಕ್ಸಾಸ್ಟ್ ಪಕ್ಕ ಹತ್ತಿ ಉರಿಯುವ ಸ್ಪ್ರೇ ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ. ಸೋಪು ನೀರನ್ನು ಜೋಡಣೆಗಳ ಮೇಲೆ ಹಚ್ಚಿ. ಸೋರುವ ಕಡೆ ಅದು ಒಳಗೆ ಎಳೆದುಕೊಂಡು, ಎಂಜಿನ್ ಸದ್ದು ಒಂದು ಕ್ಷಣ ಬದಲಾಗುತ್ತದೆ.

ಎಣ್ಣೆ, ನೀರು, ಪೆಟ್ರೋಲ್

ಜಿಡ್ಡಾಗಿ, ಹೊಳೆಯುವ ಕಪ್ಪಿದ್ದರೆ ಅದು ಎಂಜಿನ್ ಆಯಿಲ್. ರಿಂಗ್ (ಪಿಸ್ಟನ್ ಸುತ್ತಿನ ಬಳೆ) ಸವೆದಿದೆಯೋ ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಸವೆದಿದೆಯೋ ಎನ್ನುವುದು ಮುಂದಿನ ಪ್ರಶ್ನೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಬುಸ್ಸೆಂದರೆ ಗೈಡ್ ಅಥವಾ ಅದರ ಸೀಲ್. ಲೋಡ್‌ನಲ್ಲಿ ಬಿಡದೆ ಹೊಗೆ ಬಂದರೆ ರಿಂಗ್. ಪ್ಲಗ್‌ನ ಒಂದೇ ಮಗ್ಗುಲಲ್ಲಿ, ಇನ್‌ಲೆಟ್ ವಾಲ್ವ್ ಕಡೆಗೆ ಮಾತ್ರ ದಪ್ಪ ಕರಿ ಕಟ್ಟಿದ್ದರೂ ಗೈಡ್ ಕಡೆ ನೋಡಬೇಕು. ಹಾಗಾಗಿ ಬಿಚ್ಚುವ ಮೊದಲು ಪ್ಲಗ್ ಮೇಲೆ ಯಾವ ಬದಿ ಎತ್ತ ಎಂದು ಪೆನ್ನಿನಲ್ಲಿ ಗುರುತು ಹಾಕುವುದು ಒಳ್ಳೆಯದು. ಖಚಿತಪಡಿಸಲು ಕಂಪ್ರೆಷನ್ ಅಳೆದು, ಸಿಲಿಂಡರ್ ಒಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಹಾಗೇ ಉಳಿದರೆ ವಾಲ್ವ್. ಆಯಿಲ್ ಪ್ಲಗ್‌ಗೆ ಹಾಟ್ ಪ್ಲಗ್ ಹಾಕಿ ಸಾಗಹಾಕುವವರಿದ್ದಾರೆ. ಎಂಜಿನ್ ಬಿಚ್ಚುವವರೆಗೆ ತಾತ್ಕಾಲಿಕವಾಗಿ ಇದು ನಡೆಯುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ಇನ್ನೊಂದು ಮಾತು: ಹಳೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಾರಿನಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ (ಎಂಜಿನ್‌ನ ಹೀರುವಿಕೆ ನೋಡಿ ಗೇರ್ ಬದಲಾವಣೆ ಹೊಂದಿಸುವ ಭಾಗ) ಇದ್ದರೆ ಅದರ ಡಯಾಫ್ರಮ್ ಹರಿದು ಗೇರ್ ಆಯಿಲ್ ಪೈಪ್ ಮೂಲಕ ಮ್ಯಾನಿಫೋಲ್ಡ್ ಸೇರಬಹುದು. ಆಗ ಪೈಪ್ ಹತ್ತಿರದ ಪ್ಲಗ್ ಮಾತ್ರ ಜಿಡ್ಡಾಗುತ್ತದೆ, ಎಂಜಿನ್ ನಿರಪರಾಧಿ.

ಬೇರೆಲ್ಲ ಕಂದಾಗಿದ್ದು ಒಂದು ಪ್ಲಗ್ ಮಾತ್ರ ತೊಳೆದಿಟ್ಟಷ್ಟು ಶುಭ್ರವಾಗಿದ್ದರೆ ಖುಷಿಪಡಬೇಡಿ. ರೇಡಿಯೇಟರ್ ನೀರು ಆ ಸಿಲಿಂಡರಿಗೆ ಇಳಿದು, ಆವಿಯಾಗಿ ಪ್ಲಗ್ ತೊಳೆದಿರಬಹುದು. ನೀರಿನ ಮಟ್ಟ ಸುಮ್ಮನೆ ಇಳಿಯುತ್ತಿದೆಯಾ ನೋಡಿ, ಕೂಲಿಂಗ್ ಸಿಸ್ಟಮ್ ಪ್ರೆಷರ್ ಟೆಸ್ಟ್ ಮಾಡಿಸಿ.

ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ಬೆಂಕಿಯೇ ಹತ್ತಿಲ್ಲ. ಸ್ಪಾರ್ಕ್ ಹುಡುಕಿ.

ಮೆಣಸಿನ ಪುಡಿ ಚುಕ್ಕೆ

ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ, ಅಥವಾ ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಬೆಳ್ಳಿಯಂತೆ ಹೊಳೆಯುವ ಕಣಗಳು. ಆ ಹೊಳಪು ಪಿಸ್ಟನ್‌ನ ಅಲ್ಯುಮಿನಿಯಂ. ಎಂಜಿನ್ ನಾಕಿಂಗ್ (ಮಿಶ್ರಣ ಹದವಾಗಿ ಉರಿಯದೆ ಸಿಡಿಯುವುದು) ಮಾಡುತ್ತಿದೆ ಎಂದರ್ಥ. ಕಿವಿಗೆ ಕೇಳದಿದ್ದರೂ, ಗಾಳಿ ಸದ್ದು, ಎಕ್ಸಾಸ್ಟ್ ಸದ್ದಿನ ನಡುವೆ ಅದು ನಡೆದೇ ಇರಬಹುದು. ಟೈಮಿಂಗ್ ಹಿಂದಕ್ಕೆ ತನ್ನಿ, ಸರಿಯಾದ ಆಕ್ಟೇನ್ ಪೆಟ್ರೋಲ್ ಹಾಕಿ, ಲೀನ್ ಇದೆಯೇ ಎಂದು ನೋಡಿ. ಪಿಂಗಾಣಿ ಒಡೆದಿದ್ದರೆ ಅದೂ ನಾಕಿಂಗ್‌ನ ಕೆಲಸ ಇರಬಹುದು, ಗ್ಯಾಪ್ ಹೊಂದಿಸುವಾಗ ನಡುವಿನ ಎಲೆಕ್ಟ್ರೋಡ್ ಮೇಲೆ ಒತ್ತಿದ್ದರೂ ಇರಬಹುದು. ಯಾವಾಗಲೂ ಹೊರಗಿನ ಕೊಂಡಿಯನ್ನಷ್ಟೇ ಬಗ್ಗಿಸಬೇಕು. ಎಲೆಕ್ಟ್ರೋಡ್ ಕರಗಿಹೋಗಿದ್ದರೆ ಅದು ಪ್ರೀ-ಇಗ್ನಿಷನ್ (ಸ್ಪಾರ್ಕ್‌ಗೂ ಮೊದಲೇ ಬೆಂಕಿ ಹತ್ತುವುದು), ಇನ್ನೂ ಗಂಭೀರ. ಹೊಸ ಪ್ಲಗ್ ಹಾಕಿ ಓಡಿಸುವ ಮೊದಲು ಪಿಸ್ಟನ್ ಉಳಿದಿದೆಯೇ ಎಂದು ಒಳಗೆ ನೋಡಬೇಕು.

ಹಳೇ ಚಿತ್ರ, ಹೊಸ ಪೆಟ್ರೋಲ್

ಹಳೇ ವರ್ಕ್‌ಶಾಪ್ ಪುಸ್ತಕಗಳಲ್ಲಿ ಒಳ್ಳೆಯ ಪ್ಲಗ್ ಎಂದು ತೋರಿಸುವ ದಟ್ಟ ಕಂದು ಬಣ್ಣ ಇಂದು ಸಿಗುವುದು ಕಷ್ಟ. ಆ ಚಿತ್ರಗಳು ಸೀಸ ಬೆರೆಸಿದ ಪೆಟ್ರೋಲ್ ಕಾಲದವು. ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸುವುದು 1920ರ ದಶಕದಲ್ಲಿ ಶುರುವಾಯಿತು. ರಸ್ತೆ ವಾಹನಗಳಿಗೆ ಅದನ್ನು ಮಾರುವುದು ಕೊನೆಗೆ ನಿಂತದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ. ಆ ಸೀಸದ ಉಳಿಕೆಯೇ ಪಿಂಗಾಣಿಗೆ ಅಷ್ಟು ಬಣ್ಣ ಕೊಡುತ್ತಿತ್ತು. ಇಂದಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ಸರಿಯಾದ ಮಿಕ್ಸ್ಚರ್ ಇದ್ದರೂ ಪಿಂಗಾಣಿ ತಿಳಿ ಬೂದು, ತಿಳಿ ಕೆನೆ ಬಣ್ಣಕ್ಕಷ್ಟೇ ಬರುತ್ತದೆ. ಬಣ್ಣ ಮೂಡಲು ಓಟವೂ ಜಾಸ್ತಿ ಬೇಕು. ಹಳೇ ಚಿತ್ರದ ಕಂದು ಬರಲಿ ಎಂದು ಮಿಕ್ಸ್ಚರ್ ರಿಚ್ ಮಾಡುತ್ತಾ ಹೋದರೆ ಪೆಟ್ರೋಲ್ ಸುರಿದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದಂತಾಗುತ್ತದೆ.

ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ತಿರುವು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಪಾಲು ಸಾಕು. ಅದರೊಳಗೇ ಆಮ್ಲಜನಕ ಇರುವುದರಿಂದ ಹೀಗೆ. ಜೆಟ್ ಬದಲಾಗದೆ ಎಥನಾಲ್ ಪ್ರಮಾಣ ಏರಿದರೆ ಎಂಜಿನ್ ಅಷ್ಟರ ಮಟ್ಟಿಗೆ ಲೀನ್ ಆಗುತ್ತದೆ. ಮೊದಲು ಚೆನ್ನಾಗಿದ್ದ ಕಾರು ಏನೂ ಮುಟ್ಟದೆಯೇ ಬಿಳಿ ಪ್ಲಗ್ ತೋರಿಸತೊಡಗಿದರೆ ಪೆಟ್ರೋಲ್ ಬದಲಾಗಿದೆಯೇ ಎಂದೂ ಯೋಚಿಸಿ.

ಬಣ್ಣ ಇಷ್ಟು ಮಂಕಾದ ಮೇಲೆ ನಾನು ಪಿಂಗಾಣಿಯ ತುದಿಗಿಂತ ಬುಡವನ್ನು ಹೆಚ್ಚು ನಂಬುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಸಣ್ಣ ಟಾರ್ಚ್ ಹಿಡಿದು, ಲೋಹದ ಗೂಡಿನ ಆಳದಲ್ಲಿ ಪಿಂಗಾಣಿ ಸೇರುವ ಜಾಗ ನೋಡಿ. ಹೊಸ ಪ್ಲಗ್ ಹಾಕಿ ಲೋಡ್‌ನಲ್ಲಿ ಓಡಿಸಿ ನಿಲ್ಲಿಸಿದಾಗ ಮಿಕ್ಸ್ಚರ್‌ನ ಮಸಿ ಉಂಗುರ ಮೂಡುವುದು ಅಲ್ಲಿ. ತೆಳು ಬೂದು ಉಂಗುರ ಒಳ್ಳೆಯದು. ದಪ್ಪ ಕಪ್ಪು ಉಂಗುರ ರಿಚ್. ಏನೂ ಇಲ್ಲದಿದ್ದರೆ ಲೀನ್. ಟೈಮಿಂಗ್‌ಗೆ ಹೊರಗಿನ ಕೊಂಡಿ ನೋಡಿ. ಅದರ ಮೇಲೆ ಒಂದು ಕಡೆ ಬಣ್ಣ ಬದಲಾಗುವ ಗೆರೆ ಇರುತ್ತದೆ. ಗೆರೆ ಕೊಂಡಿಯ ಬಾಗಿದ ಜಾಗದ ಹತ್ತಿರ ಇದ್ದರೆ ಟೈಮಿಂಗ್ ಸರಿಸುಮಾರು ಸರಿ. ತುದಿಗೆ ಹತ್ತಿರ ಇದ್ದರೆ ಹಿಂದೆ ಬಿದ್ದಿದೆ. ಬುಡಕ್ಕೆ ಇಳಿದಿದ್ದರೆ ಬಿಸಿ ಜಾಸ್ತಿ, ಅಡ್ವಾನ್ಸ್ ಮಿತಿ ಮೀರಿದೆ. ಇದು ಸುಳಿವು ಮಾತ್ರ, ಕೊನೆಯ ತೀರ್ಪು ಟೈಮಿಂಗ್ ಲೈಟ್‌ನದ್ದೇ.

ಗೂಡಿನ ಅಂಚು ಕಪ್ಪಗಿದ್ದು ಪಿಂಗಾಣಿ ತಿಳಿಯಾಗಿದ್ದರೆ ಅದು ಸಹಜ. ಹೊರಗಿನ ಪಿಂಗಾಣಿಯಲ್ಲಿ, ಲೋಹದ ಷಟ್ಕೋನದ ಮೇಲೆ ಕಾಣುವ ಕಂದು ಪಟ್ಟಿ ಗ್ಯಾಸ್ ಸೋರಿಕೆ ಎಂದು ಹೆದರುವವರಿದ್ದಾರೆ. ಹೈ ವೋಲ್ಟೇಜ್ ಸುತ್ತ ಸೆಳೆಯಲ್ಪಟ್ಟ ಎಣ್ಣೆ, ಧೂಳಿನ ಕಲೆ ಅದು, ಒರೆಸಿ ಬಿಡಿ. ಕೆಂಪು ಇಟ್ಟಿಗೆ ಬಣ್ಣದ ಲೇಪ ಕಂಡರೆ ಪೆಟ್ರೋಲಿಗೆ ಹಾಕುವ ಕೆಲವು ಆಕ್ಟೇನ್ ಬೂಸ್ಟರ್‌ಗಳ ಉಳಿಕೆ.

ವಾಪಸ್ ಹಾಕುವಾಗ

ಮಸಿ ಹಿಡಿದ ಪ್ಲಗ್ ಅನ್ನು ತಂತಿ ಬ್ರಷ್‌ನಿಂದ ಉಜ್ಜಬೇಡಿ. ಪಿಂಗಾಣಿ ಮೇಲೆ ಲೋಹದ ಗೆರೆ ಉಳಿದು ಕರೆಂಟ್ ಅಲ್ಲೇ ಜಾರುತ್ತದೆ. ದೋಷ ಹುಡುಕುವ ಕೆಲಸ ಮುಗಿದ ಮೇಲೆ ಹೊಸ ಸೆಟ್ ಹಾಕುವುದೇ ಒಳ್ಳೆಯದು. ಗ್ಯಾಪ್ ಅಳೆದು, ಬೆರಳಲ್ಲೇ ಪೂರ್ತಿ ತಿರುಗಿಸಿ ಕೂರಿಸಿ. ಬೆರಳಿಗೆ ಬಗ್ಗದಿದ್ದರೆ ಅಡ್ಡ ಥ್ರೆಡ್ ಹಿಡಿದಿದೆ, ತೆಗೆದು ಮತ್ತೆ ಇಡಿ. ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ ಆದರೆ ಕೂತ ಮೇಲೆ ಸ್ಪ್ಯಾನರಿನಲ್ಲಿ ಅರ್ಧದಿಂದ ಮೂರನೇ ಎರಡು ಭಾಗದಷ್ಟು ಸುತ್ತು. ಅದೇ ಪ್ಲಗ್ ಮರುಬಳಕೆ ಆದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡನೇ ಒಂದು ಭಾಗದಷ್ಟು ಸುತ್ತು ಸಾಕು. ಟಾರ್ಕ್ ರೆಂಚ್ ಇದ್ದರೆ ಅಲ್ಯುಮಿನಿಯಂ ಹೆಡ್‌ಗೆ 25ರಿಂದ 30 ನ್ಯೂಟನ್ ಮೀಟರ್.

ಆಮೇಲೆ ಇದೇ ಕ್ರಮದಲ್ಲಿ ಹೋಗಿ: ಟ್ಯಾಪೆಟ್ ಕ್ಲಿಯರೆನ್ಸ್, ಕಂಪ್ರೆಷನ್, ಪಾಯಿಂಟ್, ಟೈಮಿಂಗ್, ಗಾಳಿ ಸೋರಿಕೆ, ಕೊನೆಗೆ ಕಾರ್ಬುರೇಟರ್. ಪ್ರತಿ ಹೆಜ್ಜೆಯ ನಂತರ ಓಡಿಸಿ ಪ್ಲಗ್ ತೆಗೆದು ಹಿಂದಿನ ಫೋಟೋ ಪಕ್ಕ ಇಟ್ಟು ನೋಡಿ. ಎಲ್ಲ ಪ್ಲಗ್ ಒಂದೇ ತಿಳಿ ಬಣ್ಣಕ್ಕೆ ಬಂದಿವೆ, ಆದರೂ ಕಾರು ಎಳೆಯುತ್ತಿಲ್ಲ ಎಂದರೆ ಉರಿಯುವಿಕೆಯಲ್ಲಿ ದೋಷ ಇಲ್ಲ. ಆಗ ಥ್ರಾಟಲ್ ಕೇಬಲ್ ಪೂರ್ತಿ ತೆರೆಯುತ್ತಿದೆಯಾ, ಸೈಲೆನ್ಸರ್ ಒಳಗೆ ಕಟ್ಟಿದೆಯಾ, ಕ್ಲಚ್ ಜಾರುತ್ತಿದೆಯಾ, ಬ್ರೇಕ್ ಹಿಡಿದುಕೊಂಡಿದೆಯಾ ಎಂದು ನೋಡಬೇಕು.